ಮುಚ್ಚಿದ ದೂರಿನ ಕೆಳಗೆ ಬರೆದದ್ದು

ಕೊಪ್ಪಳ
ಮೇ 11 ಮತ್ತು 12, 2106

ಪ್ರಫುಲ್ಲಾ ಅಂಗಡಿಯವರಿಗೆ ಹುಲಿಗೆವ್ವ ಮಾಡುವ ನಮಸ್ಕಾರಗಳು.

ಮೇಲಿನ ದಿನಾಂಕ ಕಂಡು ಕೈತಪ್ಪಿ ಬರೆದದ್ದು ಎಂದುಕೊಳ್ಳಬೇಡಿ. ನಮ್ಮಲ್ಲಿ ಈಗ ಒಂದೇ ಬೆಳಗಿಗೆ ಎರಡು ದಿನಾಂಕ. ನಿಮ್ಮ ಕಾಲಕ್ಕೆ ಗೊತ್ತಿಲ್ಲದ ಪದಗಳು ನನ್ನ ಮಾತಿನಲ್ಲಿ ನುಸುಳಿದರೆ ಕ್ಷಮಿಸಿ, ಬಿಡಿಸಿ ಹೇಳುತ್ತ ಹೋಗುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ವಯಸ್ಸಿನ ಲೆಕ್ಕ ಹಾಕಿದರೆ ನೀವು ನನಗೆ ಮುತ್ತಜ್ಜಿಯಾಗಬೇಕು. ಆದರೆ ಇದನ್ನು ಓದುವಾಗ ನಿಮಗೆ ಮೂವತ್ತೂ ತುಂಬಿರುವುದಿಲ್ಲ, ನನಗೆ ನಲವತ್ತೊಂದು. ಹಾಗಾಗಿ ಬರೀ ‘ನೀವು’ ಎನ್ನುತ್ತೇನೆ.

ವೆಬ್ ಪುಟಗಳಲ್ಲಿ ಕ್ಯಾಲೆಂಡರ್ ತೋರಿಸಲು ನೀವು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ‘ದಿನಚೌಕ’ ಪ್ಲಗಿನ್ ಇನ್ನೂ ಬದುಕಿದೆ. ಹುಬ್ಬಳ್ಳಿಯ ಒಂದು ಮದುವೆ ಹಾಲಿನ ಬುಕಿಂಗ್ ಪುಟಕ್ಕೆಂದು ಬರೆದದ್ದು ಎಂದು ಕಡತದ ತಲೆಯಲ್ಲಿ ನೀವೇ ಹೇಳಿದ್ದೀರಿ. ಇವತ್ತು ಅದು ನಮ್ಮ ನೀರಿನ ಸರದಿ ಹೇಳುತ್ತದೆ, ಶಾಲೆಯ ಬಾಗಿಲು ತೆರೆಸುತ್ತದೆ, ಹುಟ್ಟು ಸಾವು ಬರೆಯುತ್ತದೆ. ದಿನ ಯಾವುದೆಂದು ಯಾರೂ ಆಕಾಶ ನೋಡುವುದಿಲ್ಲ, ದಿನಚೌಕವನ್ನು ಕೇಳುತ್ತಾರೆ. ನಿಮ್ಮ ನಂತರ ಹದಿಮೂರು ಜನ ಅದನ್ನು ನೋಡಿಕೊಂಡರು. 2091ರಿಂದ ನೋಡಿಕೊಳ್ಳುತ್ತಿರುವ ಹದಿನಾಲ್ಕನೆಯವಳು ನಾನು.

ನಿಮ್ಮ ಕಷ್ಟ ನನಗೆ ಗೊತ್ತು. ನಿಮಗೆ ಬಂದ ದೂರುಗಳನ್ನೆಲ್ಲ ಈಗ ಓದಿದ್ದೇನೆ. ಬಾಣದ ಗುರುತು ಫೋನಿನಲ್ಲಿ ಬೆರಳಿಗೆ ಸಿಗುವುದಿಲ್ಲ, ವಾರ ಸೋಮವಾರದಿಂದ ಶುರುವಾಗಲಿ, ಭಾನುವಾರದ ಕೆಂಪು ಕಣ್ಣಿಗೆ ಹೊಡೆಯುತ್ತದೆ, ಮೂರು ದಿನವಾಯಿತು ಇನ್ನೂ ಉತ್ತರ ಕೊಟ್ಟಿಲ್ಲವಲ್ಲ ಎಂದು ಜನ ನಿಮ್ಮನ್ನು ಮನೆಯಾಳಿನಂತೆ ಗದರಿಸಿದ್ದಾರೆ. ನೀವು ಬೇರೆ ಕಡೆ ದುಡಿದು ಬಂದು ಬಿಡುವಿನಲ್ಲಿ ಇದನ್ನೆಲ್ಲ ತಿದ್ದುತ್ತಿದ್ದಿರಿ. ಅಂಥ ರಾಶಿಯ ನಡುವೆ ಇನ್ನೂರ ಹನ್ನೆರಡನೆಯ ದೂರು ಸದಾನಂದ ಎಂಬುವರದು. ನಾಲ್ಕರಿಂದ ಭಾಗವಾಗುವ ವರ್ಷಕ್ಕೆಲ್ಲ ಫೆಬ್ರವರಿ 29 ಎಂದು ನೀವು ಒಂದು ಸಾಲು ಬರೆದಿದ್ದೀರಿ. ಶತಮಾನದ ವರ್ಷ ನಾನೂರರಿಂದ ಭಾಗವಾಗದಿದ್ದರೆ ಆ ದಿನ ಇರಬಾರದು, 2100ರಲ್ಲಿ ಇದು ತಪ್ಪುತ್ತದೆ ಎಂದು ಅವರು ಬಹಳ ವಿನಯದಿಂದ ತಿಳಿಸಿದ್ದರು. ನಿಮ್ಮ ಉತ್ತರ ಹೀಗಿದೆ: “ಖರೇ ಐತ್ರಿ ಸರ್. ಆದ್ರ ಅವಾಗ ನಾವ್ಯಾರೂ ಇರಂಗಿಲ್ಲ ಬಿಡ್ರಿ.” ಪಕ್ಕದಲ್ಲಿ ಒಂದು ನಗುವ ಮುಖ. ದೂರು ಮುಚ್ಚಿತು.

ನಿಮ್ಮನ್ನು ಬೈಯಬೇಕೆಂದೇ ಕೂತವಳು ನಾನು, ಆದರೆ ಬೈಯುವ ಬಾಯಿ ನನಗಿಲ್ಲ. ಹೊಸದಾಗಿ ಬಂದವರು ಮುಚ್ಚಿದ ದೂರುಗಳನ್ನು ಓದುವುದಿಲ್ಲ, ತೆರೆದವುಗಳನ್ನಷ್ಟೇ ನೋಡುತ್ತಾರೆ. ನಮ್ಮ ಕೆಲಸದ ರೂಢಿಯೇ ಅದು. ಮುಚ್ಚಿದ್ದನ್ನು ತೆರೆದರೆ ಹಿಂದಿನವರಿಗೆ ಎದುರಾಡಿದಂತೆ. ಒಂಬತ್ತು ವರ್ಷ ನಾನು ಬಾಣದ ಗುರುತು ತಿದ್ದುತ್ತ, ಬಣ್ಣ ಬದಲಿಸುತ್ತ ಕೂತಿದ್ದೆ. ನಿಮ್ಮ ಆ ಸಾಲಿನ ಮೇಲೆ ಎಷ್ಟೋ ಸಲ ಕಣ್ಣಾಡಿಸಿದ್ದೇನೆ.

2100ರ ಫೆಬ್ರವರಿ 28 ಮುಗಿದ ಬೆಳಗ್ಗೆ, ಬೇರೆ ಕ್ಯಾಲೆಂಡರ್ ಬಳಸುವ ಆಸ್ಪತ್ರೆ, ರೈಲು, ನ್ಯಾಯಾಲಯಗಳ ಪುಟಗಳು ಮಾರ್ಚ್ 1ಕ್ಕೆ ದಾಟಿದವು. ದಿನಚೌಕ ನಂಬಿದವರೆಲ್ಲ ಇಲ್ಲದ ದಿನವೊಂದರಲ್ಲಿ ಎದ್ದೆವು. ಜನ ಅದನ್ನು ಕಳ್ಳದಿನ ಎನ್ನುತ್ತಾರೆ. ಅವತ್ತಿನಿಂದ ನಾವು ಒಂದು ದಿನ ಹಿಂದೆಯೇ ಉಳಿದಿದ್ದೇವೆ. ಮೊದಮೊದಲು ನಗುತ್ತಿದ್ದೆವು. ನನ್ನ ನಾದಿನಿಯ ಮದುವೆಗೆ ಬೀಗರು ಮರುದಿನ ಬಂದು, ಹಳಸಿದ ಅನ್ನದ ಮುಂದೆ ಬಾಸಿಂಗ ಕಟ್ಟಿದ ಮದುಮಗನ ಜೊತೆ ನಿಂತಿದ್ದರು. ನನ್ನ ಗಂಡ ಯಮನೂರ ರೈಲಿನ ಕೆಲಸದವನು. ಅವನ ಭಾನುವಾರ ನಮಗೆ ಶನಿವಾರ. ನಾವು ನೆರಳುಬೀದಿಯಲ್ಲಿರುವವರು, ಎಂದರೆ ಬಿಸಿಲಿಗೆ ಹೆದರಿ ಮೇಲೆ ಮುಚ್ಚಿಕೊಂಡ ಓಣಿಯಲ್ಲಿ. ವಾರಕ್ಕೊಂದೇ ದಿನ ಎಲ್ಲರೂ ಸೇರಿ ಅಂಗಳ ತೊಳೆಯುತ್ತಿದ್ದೆವು. ಈಗ ಅರ್ಧ ಓಣಿ ಒಂದು ದಿನ, ಅರ್ಧ ಓಣಿ ಇನ್ನೊಂದು ದಿನ ತೊಳೆಯುತ್ತದೆ. ತೊಳೆದ ಕಡೆಗೆ ತೊಳೆಯದ ಕಡೆಯ ಧೂಳು ಬಂದು ಕೂರುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ನಗುವುದನ್ನು ಬಿಟ್ಟು ಬಹಳ ದಿನವಾಯಿತು.

ನನ್ನ ಮಗಳು ತುಂಗಿ ಹುಟ್ಟಿದ್ದು ಕಳ್ಳದಿನದಂದು. ಹುಟ್ಟು ಸಾವು ಬರೆಯುವ ದಾಖಲೆಗೆ ನಾವು ಕಲ್ಲುಪಟ್ಟಿ ಎನ್ನುತ್ತೇವೆ. ಮೋಸ ತಡೆಯಲೆಂದು, ಒಮ್ಮೆ ಬರೆದದ್ದನ್ನು ಬರೆದವರೂ ತಿದ್ದದಂತೆ ಮಾಡಿಟ್ಟಿದ್ದಾರೆ. ಅದರಲ್ಲಿ ಅವಳ ಹೆಸರಿನ ಮುಂದೆ ಫೆಬ್ರವರಿ 29, 2100 ಎಂದಿದೆ. ಅವಳಿಗೆ ಈಗ ಆರು ವರ್ಷ. ಧೂಳುಗೂಡು ಎಂಬ ಕಾಯಿಲೆ, ಎದೆಯಲ್ಲಿ ಧೂಳು ಕಟ್ಟಿ ಉಸಿರು ಸಿಗುವುದಿಲ್ಲ. ಮದ್ದಿದೆ. ತಿಂಗಳಿಗೊಮ್ಮೆ ವೈದ್ಯಗಾಡಿ ಬರುತ್ತದೆ, ಪುಟದಲ್ಲಿ ಹೆಸರು, ಹುಟ್ಟಿದ ದಿನ ದಾಖಲಾದರೆ ಸಾಕು, ಕೊಡುತ್ತಾರೆ. ಆದರೆ ಆಸ್ಪತ್ರೆಯ ಪುಟಕ್ಕೆ ಅಂಥ ದಿನವೇ ಇಲ್ಲ. ಗಾಡಿಯ ಗುಮಾಸ್ತ ಒಳ್ಳೆಯವನು, ನಾಲ್ಕು ಸಲ ಒತ್ತಿ ನೋಡಿ ತಲೆ ತಗ್ಗಿಸಿದ: “ಒಪ್ಪವಲ್ದು ಯವ್ವಾ. ಇದರ ಲೆಕ್ಕದಾಗ ನಿನ್ನ ಮಗಳು ಇನ್ನೂ ಹುಟ್ಟೇ ಇಲ್ಲ.” ಹಿಂದಿರುಗುವಾಗ ತುಂಗಿ ನನ್ನ ಸೆರಗು ಜಗ್ಗಿ ಕೇಳಿದಳು: “ಯವ್ವಾ, ನಾ ಹುಟ್ಟೀನಲ್ಲ?”

ಸಾಲನ್ನು ನಾನೇ ಈಗ ತಿದ್ದಬಾರದೇ ಎಂದು ಕೇಳುತ್ತೀರಿ. ತಿದ್ದಿದ ಗಳಿಗೆಗೆ ನೀರಿನ ಪುಟ, ಶಾಲೆಯ ಪುಟ ಎಲ್ಲವೂ ಕಳ್ಳದಿನವನ್ನೂ ಅಂದು ಹುಟ್ಟಿದವರನ್ನೂ ಹೊರಹಾಕುತ್ತವೆ. ಆಗ ತುಂಗಿಗೆ ಕುಡಿಯುವ ನೀರೂ ಇಲ್ಲ. ಅಂಥ ಮಕ್ಕಳು ನಮ್ಮ ಊರಲ್ಲೇ ಒಂಬತ್ತು ಇದ್ದರು, ಈಗ ಆರು. ಈ ಆರು ಮಕ್ಕಳಿಗಾಗಿ ಊರಿಗೆ ಊರನ್ನೇ ತಪ್ಪು ದಿನದಲ್ಲಿ ಕೂಡಿಹಾಕಿದ್ದೇನೆ. ಜನ ಶಪಿಸುತ್ತಾರೆ, ಶಪಿಸಲಿ. ನಿಜ ಹೇಳಬೇಕೆಂದರೆ ಆರಕ್ಕಾಗಿ ಅಲ್ಲ, ಒಂದಕ್ಕಾಗಿ.

ನನಗೆ ಉಳಿದಿರುವುದು ಒಂದು ಹುಚ್ಚು ದಾರಿ. ನಿಮ್ಮ ನಗುವ ಮುಖದ ಕೆಳಗೆ ಇದನ್ನು ಬರೆದು, ನಿಮ್ಮ ಕಾಲದ ದಿನಾಂಕ ಹಾಕಿ ಕಳಿಸುವ ಗುಂಡಿ ಒತ್ತುತ್ತೇನೆ. ಇಲ್ಲದ ದಿನವನ್ನೇ ಒಪ್ಪಿದ ದಿನಚೌಕ ಹೋದ ದಿನವನ್ನು ಒಪ್ಪಲೂಬಹುದು. ನಂಬಿಕೆಯೇನೂ ಇಲ್ಲ, ಸುಮ್ಮನೆ ಕೂರಲು ಆಗುತ್ತಿಲ್ಲ.

ತಲುಪಿದರೆ ಆ ದೂರನ್ನು ಮತ್ತೆ ತೆರೆಯಿರಿ. ಒಂದು ಷರತ್ತು ಸೇರಿಸಿದರೆ ಮುಗಿಯಿತು, ಚಹಾ ಆರುವುದರೊಳಗೆ ಆಗುವ ಕೆಲಸ. ನಿಮಗೆ ಇದನ್ನು ಬರೆದ ಹುಲಿಗೆವ್ವ ಆಗ ಇರುವುದಿಲ್ಲ. ಬೇರೆ ಯಾವಳೋ ಹುಲಿಗೆವ್ವ ನಿಮ್ಮ ಆ ಸಾಲನ್ನು ನೋಡಿಯೂ ನೋಡದೆ ಬಾಣದ ಗುರುತು ತಿದ್ದುತ್ತಿರುತ್ತಾಳೆ. ತುಂಗಿ ಅದೇ ಬೆಳಗ್ಗೆ, ಅದೇ ಕೋಣೆಯಲ್ಲಿ ಹುಟ್ಟುತ್ತಾಳೆ, ಕಲ್ಲುಪಟ್ಟಿಯಲ್ಲಿ ಮಾತ್ರ ಮಾರ್ಚ್ 1 ಎಂದಿರುತ್ತದೆ.

ವೈದ್ಯಗಾಡಿ ಮತ್ತೆ ಬರಲು ಇನ್ನು ಹನ್ನೊಂದು ದಿನ. ಇದೊಂದು ಮಾತ್ರ ಎರಡೂ ಎಣಿಕೆಯಲ್ಲಿ ಒಂದೇ. ಅಷ್ಟು ದಿನ ಅವಳು ತಡೆಯಬಹುದು. ಅದರ ಮುಂದಿನ ಸಲದವರೆಗೆ ತಡೆಯುವುದಿಲ್ಲ.

ಹುಲಿಗೆವ್ವ