ಮೀನು ತಿನ್ನದವಳ ಮೇಲೆ ಡಂಗುರ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಹೆಂಡತಿ ಹಣಮಂತಮ್ಮನಿಗೆ ಕುಷ್ಠವಿಲ್ಲ. ಇದೆಯೆಂದು ಸಂತೆಯಲ್ಲಿ ಡಂಗುರ ಹೊಡೆಸಿದವರು ತಾವು. ತಪ್ಪಾಯಿತೆಂದು ಅದೇ ಸಂತೆಯಲ್ಲಿ ಇನ್ನೊಮ್ಮೆ ಹೊಡೆಸಿರಿ ಎಂದು ಕೇಳಲು ಬಂದರೆ ತಮ್ಮ ಜವಾನ ನನ್ನನ್ನು ಮೆಟ್ಟಿಲಲ್ಲೇ ತಡೆದ. ನನ್ನಿಂದಲೂ ಅಂಟುತ್ತದಂತೆ! ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಕಾಗದದಿಂದ ಏನೂ ಅಂಟುವುದಿಲ್ಲ, ಧೈರ್ಯವಾಗಿ ಓದಿರಿ.

ಅವಳಿಗಿರುವುದು ಹಳೆಯ ಇಸಬು. ಮೊಣಕೈ, ಮೊಣಕಾಲು ಕೆಂಪಾಗಿ ಒಡೆದು ಬಿಳಿ ಹೊಟ್ಟು ಉದುರುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ ನನಗೆ ಅಂಟಲಿಲ್ಲ, ಅವಳ ಹಾಲು ಕುಡಿದ ಮಕ್ಕಳಿಗೂ ಅಂಟಲಿಲ್ಲ. ನೆರೆಮನೆಯ ಹಜರಾಬೀ ಹೇಳಿದಂತೆ ಬೇವಿನೆಲೆ ಕುದಿಸಿದ ನೀರಿನಲ್ಲಿ ಮೈ ತೊಳೆದು, ಹಸಿ ಆರುವ ಮೊದಲೇ ಕುಸುಬಿ ಎಣ್ಣೆ ಹಚ್ಚುತ್ತಾ ಬಂದಳು. ಬದನೆಕಾಯಿ ಬಿಟ್ಟಳು, ಹುಳಿ ಬಿಟ್ಟಳು, ಕಡೆಗೆ ಮೀನೂ ಬಿಟ್ಟಳು. ಜೋಳದ ನುಚ್ಚು, ಮಜ್ಜಿಗೆ, ಅಷ್ಟೇ. ಅಂಬಿಗರ ಮನೆಯಲ್ಲಿ ಹುಟ್ಟಿದವಳಿಗೆ ಮೀನು ಬಿಡುವುದೆಂದರೆ ಏನೆಂದು ತಮಗೆ ತಿಳಿಯದು. ಹೆಂಡತಿ ಬಾಯಿ ಕಟ್ಟಿ ಕುಳಿತಿರುವಾಗ ಎದುರಿಗೆ ಕೂತು ತಿನ್ನಲು ನನಗೂ ಮನಸ್ಸಾಗಲಿಲ್ಲ. ಭೀಮೆಯಲ್ಲಿ ಬಲೆ ಬೀಸುವ ಮನೆಯಲ್ಲಿ ಮೀನು ಬೇಯುವುದೇ ನಿಂತುಹೋಯಿತು. ಚರ್ಮ ಮಾತ್ರ ಒಂದು ಹದಕ್ಕೆ ಬಂತು.

ಅಂಥ ಹೊತ್ತಿನಲ್ಲಿ, ಅವಳು ಸಂತೆಯಲ್ಲಿ ಮೀನು ಮಾರುತ್ತಿದ್ದಲ್ಲಿಗೆ ತಮ್ಮ ಸವಾರಿ ಬಂತು. ಅವಳ ಮೊಣಕೈಯ ಹಳೆ ಕಲೆ ನೋಡಿ ಕೇಳಿದಿರಿ: “ಈ ಮೀನನ್ನ ನೀವು ತಿಂತೀರೇನಮ್ಮ?”

“ಇಲ್ರಿ ಸಾಹೇಬ್ರ, ನಮ್ಮ ಮನ್ಯಾಗ ಮೀನ ಯಾರೂ ತಿನ್ನಂಗಿಲ್ರಿ.”

ಮಾರುವವಳೇ ತಿನ್ನದ ಮೀನು! ತಮ್ಮ ತನಿಖೆ ಅಲ್ಲಿಗೆ ಮುಗಿಯಿತು. ಮೊಣಕೈಯ ಕಲೆ ಕುಷ್ಠವಾಯಿತು, ಬುಟ್ಟಿಗೆ ಫಿನೈಲು ಬಿತ್ತು, ಡಂಗುರ ಹೊರಟಿತು. “ಯಾಕಮ್ಮ?” ಎಂದು ಒಂದು ಮಾತು ಕೇಳಿದ್ದರೆ ತಮ್ಮ ನಾಲಿಗೆ ಸವೆಯುತ್ತಿತ್ತೇ? ನಿಜಾಮರ ಕಾಲದಲ್ಲಿ ಸಾಹೇಬರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ, ಕೇಳಲಿಲ್ಲ. ಈಗ ನಾಡು ಒಂದಾಗಿದೆ, ತಮಗೆ ಅಚ್ಚಗನ್ನಡ ಬರುತ್ತದೆ. ಆದರೂ ಕೇಳಲಿಲ್ಲವಲ್ಲ, ಒಂದಾಗಿ ನಮಗೇನು ದಕ್ಕಿತು?

ಮುಂದಿನ ಸಂತೆಗೆ ಅವಳು ಮೀನು ಹುರಿದು ಒಯ್ದು, ಎಲ್ಲರೆದುರು ತಿಂದಳು. “ನೋಡ್ರಿ, ನಾನೂ ತಿನ್ನಾಕತ್ತೀನಿ. ಇನ್ನರ ತಗೋರಿ” ಎಂದಳು. ಒಬ್ಬರೂ ಕೊಳ್ಳಲಿಲ್ಲ. ಮೀನಿನಿಂದಲೋ, ಅವಮಾನದಿಂದಲೋ, ಮೊಣಕೈ ಮತ್ತೆ ಒಡೆದು ರಕ್ತ ಬಂತು. ತಾವು ಅದನ್ನು ನೋಡಿ, “ನಾನು ಹೇಳಲಿಲ್ಲವೇ?” ಎಂದಿರಂತೆ. ತಿನ್ನದಿದ್ದರೂ ಅಪರಾಧ, ತಿಂದರೂ ಅಪರಾಧ. ನನಗೆ ಮೈಯೆಲ್ಲ ಉರಿಯುತ್ತಿದೆ ಸ್ವಾಮಿ, ಇದಕ್ಕೆ ಯಾವ ಎಣ್ಣೆ ಹಚ್ಚಲಿ?

ಬರುವ ಸಂತೆಗೆ ಡಂಗುರದವನ ಜೊತೆ ತಾವೇ ಬರಬೇಕು. ಇದು ಅಂಟುವ ರೋಗವಲ್ಲವೆಂದು ತಮ್ಮ ಬಾಯಿಂದಲೇ ಸಾರಬೇಕು. ಅವಳ ಬುಟ್ಟಿಯ ಮೊದಲ ಮೀನನ್ನು ಎಲ್ಲರೆದುರು ತಾವೇ ತಿನ್ನಬೇಕು. ಅವಳು ತಿನ್ನಲಾರಳು, ಮತ್ತೆ ಪಥ್ಯ ಹಿಡಿದಿದ್ದಾಳೆ.

ಏನು, ತಾವೂ ಮೀನು ತಿನ್ನದವರೇ? ಹಾಗಿದ್ದರೆ ಹೆದರಬೇಡಿರಿ. ತಮ್ಮ ಮೇಲೆ ಡಂಗುರ ಹೊಡೆಯುವ ಮೊದಲು, ಯಾಕೆಂದು ನಾವು ಕೇಳುತ್ತೇವೆ.

ಇಂತಿ,
ತಮ್ಮ ಮೆಟ್ಟಿಲು ಹತ್ತಲು ಅಯೋಗ್ಯನಾದ,
ಮೀನು ಹಿಡಿದು ನುಚ್ಚು ಉಣ್ಣುವ
ಮಾನಪ್ಪ ಅಂಬಿಗ,
ಭೀಮಾ ದಂಡೆ, ಯಾದಗಿರಿ ತಾಲ್ಲೂಕು