ಮೂವತ್ತೊಂದು ಅಡಿ

ಕ್ಯಾಂಪ್‌ಬೆಲ್
18 ಫೆಬ್ರವರಿ 2025

ಪ್ರಿಯ ಶೇಷುವಿಗೆ,

ಫೋನಿನಲ್ಲಿ ಮುಗಿಯುವ ಸುದ್ದಿಗೆ ಇವಳು ಕಾಗದ ಬರೆದಿದ್ದಾಳೆಂದರೆ ತಪ್ಪು ಇವಳದೇ ಇರಬೇಕು ಎಂದು ಊಹಿಸಿರುತ್ತೀಯ. ತಾಳು, ಆ ಸುಖವನ್ನು ಅಷ್ಟು ಬೇಗ ಕೊಡುವವಳಲ್ಲ ನಾನು.

ನಿನ್ನ ಬಿಲ್ಲೆ ಸಿಕ್ಕಿತು. ಹೋದ ವರ್ಷ ಬೆಟ್ಟದ ಮೇಲಿನ ಟ್ರಕೀ ಊರಿನ ಹಿಮದಲ್ಲಿ ನೀನು ಮುಕ್ಕಾಲು ಗಂಟೆ ಅಗೆದರೂ ಸಿಗದ ಬೆಂಚ್‌ಮಾರ್ಕು. ಸರ್ವೆಯವರು ಊರಿನ ಎತ್ತರ ಗುರುತಿಸಲು ಎಂದೋ ಕಾಂಕ್ರೀಟಿನಲ್ಲಿ ಕೂರಿಸಿ ಹೋದ ಲೋಹದ ಬಿಲ್ಲೆ. ನಿಪ್ಪಟ್ಟಿನಷ್ಟು ಅಗಲ, ಬಣ್ಣವೂ ಹೆಚ್ಚುಕಡಿಮೆ ಅದೇ. ಇಂಥವನ್ನು ಹುಡುಕುವುದು ನಿನ್ನ ಹುಚ್ಚು, ಅವು ಎಲ್ಲಿವೆ ಎಂಬ ಸರ್ವೆಯ ಹಾಳೆ ಓದಿ ಹೇಳುವುದು ನನ್ನ ಉದ್ಯೋಗ.

ಭಾನುವಾರ ಒಬ್ಬಳೇ ಅಲ್ಲಿಗೆ ಹೋದೆ. ಟೇಪಿನ ತುದಿ ಹಿಡಿಯಲು ಇನ್ನೊಬ್ಬರು ಬೇಕಲ್ಲ, ಎದುರುಮನೆಯ ಬಾಗಿಲಲ್ಲಿ ಹಿಮ ಗೋರುತ್ತಿದ್ದ ಅಜ್ಜಿಯನ್ನು ಕರೆದೆ. ಏನು ಕಳೆದುಕೊಂಡಿದ್ದೀಯ ಎಂದು ಕೇಳಿದರು. ಗಂಡನನ್ನು ಎನ್ನಲು ಹೋಗಿ ಬಿಲ್ಲೆ ಎಂದೆ. ಹಾಳೆ ಬಿಚ್ಚಿ ಎರಡೆರಡು ಸಲ ಓದಿದೆ. ಹಳೇ ಚರ್ಚಿನ ಮೆಟ್ಟಿಲಿನಿಂದ ಪಶ್ಚಿಮಕ್ಕೆ ಮೂವತ್ತೊಂದು ಅಡಿ. ಅಡಿ, ಶೇಷು. ಅವತ್ತು ನಾನು ಕೂಗಿ ಹೇಳಿದ್ದು ಮೂವತ್ತೊಂದು ಮೀಟರು. ಈ ದೇಶದಲ್ಲಿ ಇಪ್ಪತ್ತು ವರ್ಷ ಅಡಿಗೆ ಮಾಡಿದರೂ ನನಗೆ ಅಡಿ ಮಾತ್ರ ಒಗ್ಗಲಿಲ್ಲ. ಪಾಪ, ನೀನು ಎಪ್ಪತ್ತು ಅಡಿ ಆಚೆ ಯಾರದೋ ಪಾರ್ಕಿಂಗ್ ಲಾಟನ್ನು ಅಗೆದೆ.

ಬೆಂಚ್‌ಮಾರ್ಕಿಗೆ ನಾವು ಮಾನದಂಡ ಎನ್ನುತ್ತೇವೆ. ಹೋದ ಯುಗಾದಿಗೆ ಸಂಯುಕ್ತಾಳ ಮನೆಯಲ್ಲಿ ಹದಿನಾಲ್ಕು ಜನರೆದುರು ನಿನ್ನ ಅಗೆತದ ಕಥೆಯನ್ನು ಅಭಿನಯಸಹಿತ ಹೇಳಿದೆನಲ್ಲ, ಮಾನ ನಿನ್ನದು ಹೋಯಿತು, ದಂಡ ನಾನು ತೆರುತ್ತಿದ್ದೇನೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಮನೆಗೆ ಬರುವಾಗ ಕಾರಿನಲ್ಲಿ ಒಂದೇ ಮಾತು ಆಡಿದೆ: "ಪದ್ದು, ನೀನು ಹೇಳಿದ್ದನ್ನೇ ಅಳೆದೆ ಕಣೇ." ನಾನು ರೇಡಿಯೋ ಜೋರು ಮಾಡಿದೆ. ಮರುವಾರ ನೀನು ದಿನಾ ಆಫೀಸಿಗೆ ಟ್ರೈನಿನ ಓಡಾಟ ಸಾಕಾಯಿತೆಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಮು ಹಿಡಿದೆ. ಹತ್ತು ತಿಂಗಳಿನಿಂದ ಇಬ್ಬರೂ ಆ ಟ್ರೈನಿನ ಮೇಲೇ ತಪ್ಪು ಹೊರಿಸಿಕೊಂಡು ಬಂದಿದ್ದೇವೆ. ಅದಕ್ಕೆ ಬಾಯಿಲ್ಲ, ಸದ್ಯ.

ಬಿಲ್ಲೆಯ ಫೋಟೋ ತೆಗೆಯಲಿಲ್ಲ. ಬಿಲ್ಲೆ ಹುಡುಕುವವರ ವೆಬ್‌ಸೈಟಿನಲ್ಲಿ ನಿನ್ನ ಹೆಸರಿನ ಮುಂದಿರುವ 'ಸಿಗಲಿಲ್ಲ'ವನ್ನು ತಿದ್ದಲೂ ಇಲ್ಲ. ಅದು ನಿನ್ನ ಕೈಯಿಂದಲೇ ಆಗಲಿ. ಸಂಯುಕ್ತಾಳಿಗೆ ಮಾತ್ರ ಫೋನ್ ಮಾಡಿ, ಈ ಸಲ ಸರಿಯಾದ ಕೋಡಂಗಿಯ ಹೆಸರಿನಲ್ಲಿ ಕಥೆ ಹೇಳಿದೆ. ಉಳಿದ ಹದಿಮೂರು ಜನರಿಗೆ ಬರುವ ಯುಗಾದಿಯಂದು ಹೇಳುತ್ತೇನೆ. ನೀನು ಪಕ್ಕದಲ್ಲಿ ಕೂತಿದ್ದರೆ ಚೆನ್ನಾಗಿ ಹೇಳಿಯೇನು.

ಅಳತೆ ತಪ್ಪಿದ ನಿನ್ನ,
ಪದ್ಮಜಾ

ತಾ.ಕ.: ತಪ್ಪು ಭಾನುವಾರ ಗೊತ್ತಾಯಿತು ಎಂಬಂತೆ ಬರೆದಿದ್ದೇನೆ. ಸುಳ್ಳು. ಹೋದ ವರ್ಷ ವಾಪಸು ಬರುವಾಗ ಟೈರಿಗೆ ಚೈನು ಹಾಕಲು ನೀನು ಇಳಿದಿದ್ದೆಯಲ್ಲ, ಆಗಲೇ ಹಾಳೆಯನ್ನು ಇನ್ನೊಮ್ಮೆ ಓದಿದ್ದೆ. ಯುಗಾದಿಯ ದಿನ ಎಲ್ಲ ಗೊತ್ತಿದ್ದೇ ನಗಿಸಿದೆ. ಅವತ್ತು ಚೈನು ಹಾಕಿ ನೀನು ಹೆಪ್ಪುಗಟ್ಟಿದ ಕೈಯಲ್ಲಿ ಕಾರಿನೊಳಗೆ ಬಂದು ಕೂತು, ನನಗೆ ಚಳಿಯಾಗಿರಬೇಕೆಂದು ಹೀಟರಿನ ಗಾಳಿಯನ್ನು ನನ್ನ ಕಡೆ ತಿರುಗಿಸಿದೆ. ನಾನು ಹಾಳೆಯನ್ನು ಮಡಚಿ ಚೀಲದೊಳಗೆ ಹಾಕಿಕೊಂಡೆ.