ನಾಲ್ಕನೆಯ ಬೋಲ್ಟ್

ಬೆಟಗೇರಿ,
ಫೆಬ್ರುವರಿ ೩೦, ೨೧೭೧

ತೀರ್ಥರೂಪರಾದ ಮಲ್ಲಿನಾಥ ಮುತ್ಯಾ ಅವರಿಗೆ,

ನಿಮ್ಮ ಮರಿಮೊಮ್ಮಗಳ ಮೊಮ್ಮಗಳಾದ ರುದ್ರಾಂಬಿಕಾ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಕಾಗದ ಮುದ್ದೆ ಮಾಡಿ ಎಸೆಯಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿತೂಗಿಸಿ, ಯಾವಾಗಲೂ ಅರೆಹೊಟ್ಟೆಯಲ್ಲಿದ್ದ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ಈ ಪತ್ರಕ್ಕಾಗಿಯೇ ಇಡೀ ಚಳಿಗಾಲ ಕೂತು ಕಲಿತಿದ್ದೇನೆ. ನಿಮ್ಮನ್ನು ಹೇಗೆ ಕರೆಯಬೇಕು ಎಂಬುದೂ ಒಂದು ತೊಡಕೇ. ಇಷ್ಟು ತಲೆಮಾರು ಹಿರಿಯರಾದ ಮೇಲೆ ಮುತ್ಯಾ ಅನ್ನಲೇಬೇಕು. ಆದರೆ ಇದು ನಿಮ್ಮ ಕೈ ಸೇರುವಾಗ ನಿಮಗೆ ಇಪ್ಪತ್ತೊಂಬತ್ತು ವರ್ಷ, ನನಗೆ ಮೂವತ್ತನಾಲ್ಕು. ಎದುರಿಗೆ ಸಿಕ್ಕಿದ್ದರೆ ತಮ್ಮಾ ಎಂದೇ ಕರೆಯುತ್ತಿದ್ದೆನೇನೋ.

ಈ ಪತ್ರ ನಿಮಗೆ ಬರುತ್ತಿರುವುದು ಹಿನ್ನಂಚೆಯಲ್ಲಿ. ಅಂದರೆ, ಮುಂದಿನ ಊರಿಗಲ್ಲದೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಂದು ಮನೆತನಕ್ಕೆ ಒಂದೇ ಪತ್ರ, ಅದೂ ಒಬ್ಬರಿಗೇ. ಯಾರು ಗೆದ್ದರು, ಯಾವುದರ ಬೆಲೆ ಏರಿತು, ಯಾರು ಎಂದು ತೀರಿಕೊಂಡರು ಎಂದು ಬರೆಯುವಂತಿಲ್ಲ. ಅಪ್ಪಣೆ ಮಾಡುವಂತಿಲ್ಲ, ಕೇಳಿಕೊಳ್ಳಬಹುದು. ನಿಮಗೆ ಮಕ್ಕಳಾಗುತ್ತವೆ ಎಂಬ ಸುದ್ದಿ ನನ್ನ ನಮಸ್ಕಾರದಲ್ಲೇ ಸೋರಿಹೋಗಿದೆ. ಅಷ್ಟಕ್ಕೇ ಹಿನ್ನಂಚೆಯ ಅಧಿಕಾರಿ ನನ್ನತ್ತ ಕಣ್ಣು ಕೆಂಪು ಮಾಡಿದರು.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ನಿಮ್ಮ ಎರಡು ಬಾಗಿಲಿನ ಕೆಂಪು ಕೂಪೆ ಇನ್ನೂ ಓಡುತ್ತಿದೆ. ಎಂಟು ಮಂದಿಯ ಮನೆಗೆ ಎರಡು ಬಾಗಿಲಿನ ಗಾಡಿ ತಂದಿರೆಂದು ಓಣಿಯವರೆಲ್ಲ ನಿಮ್ಮನ್ನು ಆಡಿಕೊಂಡದ್ದು, ನಿಮ್ಮ ಹೆಂಡತಿ ದಾಕ್ಷಾಯಿಣಿಯವರು ಮೂರು ದಿನ ಮಾತು ಬಿಟ್ಟದ್ದು ನಮ್ಮ ಮನೆಯಲ್ಲಿ ಇಂದಿಗೂ ಹಬ್ಬದ ಊಟದ ಹೊತ್ತಿಗೆ ಮೇಲೆ ಬರುವ ಕಥೆ. ಬಣ್ಣ ಅಷ್ಟೇನೂ ಮಾಸಿಲ್ಲ. ಆದರೆ ಎಂಜಿನ್ ಉಳಿದಿಲ್ಲ. ಪೆಟ್ರೋಲ್ ಎಂಬುದು ಔಷಧಿಯ ಸೀಸೆಯಲ್ಲೂ ಸಿಗದ ಕಾಲ ಬಂದಾಗ ಅದನ್ನು ಕಳಚಿ ಮೋಟಾರು ಕೂರಿಸಿದರು. ಇದನ್ನು ಓದಿ ನಿಮಗೆ ಸಂಕಟವಾಗುತ್ತದೆ ಎಂದು ಗೊತ್ತು. ಸಮಾಧಾನಕ್ಕೆ ಒಂದು ಮಾತು ಹೇಳುತ್ತೇನೆ: ಅದರ ಸದ್ದನ್ನು ನಾವು ಬಿಟ್ಟುಕೊಟ್ಟಿಲ್ಲ. ನಿಮ್ಮ ಮಗ ಅದನ್ನು ಬಾಯಿಂದ ಮಾಡಿ ತನ್ನ ಮೊಮ್ಮಗಳಿಗೆ ಕಲಿಸಿದ. ಆ ಮೊಮ್ಮಗಳೇ ನನ್ನ ಆಯಿ, ಅಂದರೆ ಅಜ್ಜಿ, ಗುರುಸಿದ್ಧವ್ವ. ಆಕೆ ನಮಗೆ ಕಲಿಸಿದಳು. ಮೊದಲ ಗೇರು ಹೀಗೆ ಗುರುಗುಡುತ್ತದೆ, ಮೂರನೆಯದು ಹೀಗೆ ಹಾಡುತ್ತದೆ ಎಂದು ನಮ್ಮ ಮನೆಯ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತವೆ.

ಈಗಿನ ಊರು ಹೇಗಿದೆ ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಪ್ಪತಗುಡ್ಡದ ಮೇಲೆ ನಿಮ್ಮ ಕಾಲದಲ್ಲಿ ತಿರುಗುತ್ತಿದ್ದ ಗಾಳಿಕಂಬಗಳು ಈಗ ಇನ್ನೂ ಎತ್ತರ, ಇನ್ನೂ ನಿಧಾನ. ಅವುಗಳ ರೆಕ್ಕೆ ಒರೆಸಿ ತಿಕ್ಕುವುದು ನನ್ನ ಕೆಲಸ. ಬಿಸಿಲೇರುವ ಮುಂಚೆ ಗುಡ್ಡ ಹತ್ತಿ, ಊಟದ ಹೊತ್ತಿಗೆ ಇಳಿಯುತ್ತೇವೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ, ಸಂಜೆ ಮತ್ತೆ ತೆರೆಯುತ್ತದೆ. ಆಗ ಮಿರ್ಚಿ ಗಿರ್ಮಿಟ್ ಅಂಗಡಿಗಳ ಮುಂದೆ ನಿಲ್ಲಲು ಜಾಗವಿರುವುದಿಲ್ಲ; ಅದೊಂದು ಬದಲಾಗಿಲ್ಲ. ಜನ ಓಡಾಡುವುದು ಕರೆಬಂಡಿಯಲ್ಲಿ. ಕರೆದರೆ ಬಾಗಿಲಿಗೆ ಬಂದು ನಿಲ್ಲುವ, ಚಾಲಕನಿಲ್ಲದ ಬಂಡಿ ಅದು. ಆರು ಜನ ಎದುರುಬದುರಾಗಿ ಕೂರಬಹುದು, ಹುಬ್ಬುಗಳ ಮೇಲೆ ಹಾಸಿಗೆಯಲ್ಲಿ ಮಲಗಿದಷ್ಟು ಸುಖ. ಬೇಜಾರೆಂದರೆ ಬೇಜಾರು. ತಿರುವಿನಲ್ಲೂ ನೇರದಲ್ಲೂ ಒಂದೇ ವೇಗ, ಯಾರನ್ನೋ ದವಾಖಾನೆಗೆ ಕರೆದೊಯ್ಯುತ್ತಿರುವ ಹಾಗೆ.

ಮನುಷ್ಯರು ತಾವೇ ನಡೆಸುವ ಗಾಡಿಗೆ ಹಿಡಿಗಾಡಿ ಎನ್ನುತ್ತೇವೆ. ಊರಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಅವುಗಳಿಗೆ ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿದ್ದಾರೆ. ಬರೀ ಓಟದ ಚಟವಿರುವವರು ಊರಾಚೆಯ ಓಟದ ಕಣಕ್ಕೆ ಹೋಗಲಿ, ಬರೀ ಸುಖ ಬೇಕಾದವರು ಕರೆಬಂಡಿ ಹತ್ತಲಿ. ಎರಡನ್ನೂ ಮಾಡಬಲ್ಲ ಗಾಡಿಗೆ ಮಾತ್ರ ಊರ ರಸ್ತೆಯಲ್ಲಿ ಜಾಗ ಎಂದು. ಅದಕ್ಕಾಗಿ ಐದು ವರ್ಷಕ್ಕೊಮ್ಮೆ, ಒಂದೇ ದಿನ, ಎರಡು ಪರೀಕ್ಷೆ. ಬೆಳಿಗ್ಗೆ ಸಂತೆ ಪರೀಕ್ಷೆ: ಮನೆಯ ಒಬ್ಬ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಂತೆಗೆ ಹೋಗಿ, ಜೋಳದ ಚೀಲ, ಎಣ್ಣೆ ಡಬ್ಬಿ, ಕಾಯಿಪಲ್ಲೆ ಬುಟ್ಟಿ ತುಂಬಿ, ಸಂದಿಗೊಂದಿ ದಾಟಿ ಬರಬೇಕು. ಹುಬ್ಬಿಗೆ ತಳ ತಾಕಬಾರದು, ಹಿರಿಯರು ಮೈಕೈ ನೋವೆಂದು ದೂರಬಾರದು. ಆಮೇಲೆ ಗುಡ್ಡದ ಪರೀಕ್ಷೆ: ಕಪ್ಪತಗುಡ್ಡದ ತಿರುವುಗಳನ್ನು ಗೊತ್ತಾದ ಹೊತ್ತಿನೊಳಗೆ ಹತ್ತಬೇಕು; ಅದಕ್ಕೆ ಎಲ್ಲರೂ ಹಿರಿಯರನ್ನೂ ಸಾಮಾನನ್ನೂ ಇಳಿಸಿಯೇ ಹೊರಡುತ್ತಾರೆ. ನಡುವೆ ಒಂದು ನಟ್ಟು ಕೂಡ ತಿರುಗಿಸುವಂತಿಲ್ಲ. ಒಂದರಲ್ಲಿ ಸೋತರೂ ಗಾಡಿಯ ಮೋಟಾರು ಕಿತ್ತು ಗದಗಿನ ಗಾಜಿನ ಮನೆಯಲ್ಲಿ ನೋಟಕ್ಕೆ ನಿಲ್ಲಿಸುತ್ತಾರೆ. ಅಲ್ಲಿ ದೂಳಿಲ್ಲ, ತುಕ್ಕಿಲ್ಲ, ಜೀವವೂ ಇಲ್ಲ.

ಎಲ್ಲರೂ ಮಾಡುವ ತಪ್ಪು ಒಂದೇ. ನಮ್ಮ ಓಣಿಯ ಸೋಮಲಿಂಗಪ್ಪನವರು ತಮ್ಮ ಗಾಡಿಯನ್ನು ನೆಲಕ್ಕೆ ಅಂಟುವಂತೆ ತಗ್ಗಿಸಿ, ಗಟ್ಟಿ ಸ್ಪ್ರಿಂಗ್ ಹಾಕಿಸಿದರು. ಅದು ಬಾಣದ ಹಾಗೆ ಓಡುತ್ತಿತ್ತು ನಿಜ, ಆದರೆ ಸಂತೆಯ ಮೊದಲ ಹುಬ್ಬಿನ ಮೇಲೇ ಹೊಟ್ಟೆಯೂರಿ ಕೂತಿತು. ಇನ್ನೊಬ್ಬರು ಅದನ್ನು ನೋಡಿ ಬುದ್ಧಿ ಕಲಿತು ಗಾಡಿಯನ್ನು ಎತ್ತರಿಸಿ ಮೆತ್ತಗೆ ಮಾಡಿದರು. ಸಂತೆಯಲ್ಲಿ ಅವರ ಅಜ್ಜ ಹಿಂದೆ ಕೂತು ನಿದ್ದೆ ಹೊಡೆದ, ಆದರೆ ಗುಡ್ಡದ ತಿರುವಿನಲ್ಲಿ ಗಾಡಿ ಹೊಯ್ದಾಡಿ ಅರ್ಧಕ್ಕೇ ಹೊತ್ತು ಮೀರಿತು. ಈ ಸಲದ ಸರದಿ ನಮ್ಮದಾಗಿತ್ತು. ನಾನು ಹಿಂದಿನ ಸೀಟಿನ ಮೇಲೆ ಜೋಳದ ಚೀಲವಿಟ್ಟುಕೊಂಡು ದಿನಾ ಕೆಲಸಕ್ಕೆ ಹೋಗಿಬಂದು, ಅಂಗುಲ ಅಂಗುಲವಾಗಿ ಸ್ಪ್ರಿಂಗ್ ಹದ ಮಾಡಿದೆ. ನನ್ನ ಮಟ್ಟಿಗೆ ಗಾಡಿ ತಯಾರಾಗಿತ್ತು. ತಯಾರಾಗದೆ ಇದ್ದದ್ದು ಆಯಿ.

ಮನೆಯಲ್ಲಿ ಈಗ ಉಳಿದ ಹಿರಿಯಳೆಂದರೆ ಆಕೆಯೇ. ಎಂಬತ್ತರ ಮೊಣಕಾಲು. ಆ ಹಿಂದಿನ ಸೀಟಿನಲ್ಲಿ ಕೂತು ಎಷ್ಟೋ ವರ್ಷವಾಗಿತ್ತು. ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ, ಅಡ್ಡ ತಿರುಗಿ ಒಳನುಸುಳಬೇಕಾದ ಕೂಪೆಯ ಹಿಂದಿನ ಸೀಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಕೇಳಿದ ಕೂಡಲೇ ಉರಿದುಬಿದ್ದಳು. "ನನ್ನ ಏನ್ ಅರಿವಿ ಗಂಟಂತ ತಿಳದೀಯೇನು, ಮಡಚಿ ಒಳಗ ತುರಕಾಕ? ಗಾಜಿನ ಮನಿಗೆ ಹೋಗತೈತಿ ಅಂದ್ರ ಹೋಗಲಿ ಬಿಡು, ನಾ ಅದರಾಗ ಕುಂಡ್ರಂಗಿಲ್ಲ." ಆ ಗಾಡಿಯ ಸದ್ದನ್ನು ಮನೆಗೆಲ್ಲ ಕಲಿಸಿದಾಕೆ ಹೀಗಂದದ್ದರಿಂದ ನನಗೆ ಬಹಳ ನೋವಾಯಿತು. ಎರಡು ದಿನ ನಾನೂ ಮಾತಾಡಿಸಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಾ ತಾನೇ ಅಂದಳು: "ಯಾರೂ ಕೈ ಹಿಡೀಬಾರದು, ಹಿಂದಿಂದ ನೂಕಬಾರದು, ನನ್ನ ಸೀರಿ ನಿರಿಗಿ ಕೆಡಬಾರದು. ಹಂಗ ಹತ್ತಾಕ ಬಂದ್ರ ನೋಡೋಣು."

ಅಷ್ಟು ಸಾಕಿತ್ತು. ಮುಂದಿನ ಸೀಟು ಜಾರುವ ಹಳಿ ಯಾವ ಕಾಲದಿಂದಲೋ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ನಾವೆಲ್ಲ ಅದು ಅಷ್ಟೇ ಜಾರುತ್ತದೆ ಎಂದುಕೊಂಡಿದ್ದೆವು. ಕಳಚಿ ತಿಕ್ಕಿ ಎಣ್ಣೆ ಹಾಕಿದರೆ ಪೂರಾ ಮುಂದಕ್ಕೆ ಹೋಯಿತು. ಕೂಪೆಯ ಬಾಗಿಲು ಉದ್ದ ಎಂದು ಬೈಯುತ್ತೇವಲ್ಲ, ಸೀಟು ಪೂರಾ ಸರಿದಾಗ ಅದೇ ಉದ್ದ ಅರಮನೆ ಬಾಗಿಲಾಗುತ್ತದೆ. ಚಾವಣಿಯ ಅಂಚಿಗೆ ಬೆಟಗೇರಿ ಮಗ್ಗದ ದಪ್ಪ ಪಟ್ಟಿಯ ಒಂದು ಹಿಡಿಕೆ ಹೊಲಿದೆ, ಹಿಡಿದು ತಾನೇ ತೂಗಿಕೊಂಡು ಕೂರಲು. ಗಾಡಿಯ ಓಟಕ್ಕೆ ಇದರಿಂದ ಗುಲಗಂಜಿಯಷ್ಟೂ ಊನವಾಗಲಿಲ್ಲ.

ಆ ಕೆಲಸದಲ್ಲಿದ್ದಾಗಲೇ ಹಿಂದಿನ ಸೀಟಿನ ಅಡಿಯಲ್ಲಿ ಟಾರ್ಚ್ ಹಾಕಿ ನೋಡಿದೆ. ಸೀಟನ್ನು ನೆಲಕ್ಕೆ ಹಿಡಿದ ನಾಲ್ಕು ಬೋಲ್ಟುಗಳಲ್ಲಿ ಮೂರಕ್ಕೆ ಸ್ಪ್ಯಾನರ್ ಕಚ್ಚಿದ ಗಾಯವಿತ್ತು. ಯಾರೋ ಬಿಚ್ಚಿ ಮತ್ತೆ ಹಾಕಿದ್ದರು. ನಾಲ್ಕನೆಯದರ ಮೇಲೆ ಕಾರ್ಖಾನೆಯ ಬಣ್ಣ ಹಾಗೇ ಇತ್ತು. ಆಯಿಯನ್ನು ಕೇಳಿದೆ. ಆಕೆಗೆ ಗೊತ್ತಿದ್ದದ್ದು ಅರ್ಧ ಕಥೆ: ನೀವು ಪ್ರತಿ ರವಿವಾರ ಗೆಳೆಯರ ಜೊತೆ ಕಪ್ಪತಗುಡ್ಡಕ್ಕೆ ಪಂದ್ಯ ಕಟ್ಟುತ್ತಿದ್ದಿರಂತೆ. ಹಿಂದಿನ ಸೀಟು ಕಿತ್ತರೆ ತೂಕ ಇಳಿದು ಗಾಡಿ ಹಾರುತ್ತದೆ ಎಂದು ಯಾರೋ ತಲೆಗೆ ತುಂಬಿದರಂತೆ. ಒಂದು ರವಿವಾರ ಬೆಳಿಗ್ಗೆ ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಕೂತಿರಂತೆ. ಆಮೇಲೆ ಯಾಕೆ ನಿಲ್ಲಿಸಿದಿರಿ ಎಂದು ನೀವು ಯಾರಿಗೂ ಹೇಳಲಿಲ್ಲವಂತೆ, ದಾಕ್ಷಾಯಿಣಿಯವರಿಗೆ ಕೂಡ.

ಪರೀಕ್ಷೆಯ ದಿನ ಆಯಿ ಇಳಕಲ್ ಸೀರೆಯುಟ್ಟು, ಹಿಡಿಕೆ ಹಿಡಿದು, ಯಾರ ಹಂಗೂ ಇಲ್ಲದೆ ಒಳಗೆ ಹೋಗಿ ಕೂತಳು. ನಿರಿಗೆ ಕೆಡಲಿಲ್ಲ. ಸಂತೆಯಲ್ಲಿ ಬೇಕಿಲ್ಲದಿದ್ದರೂ ಮೆಣಸಿನಕಾಯಿ ಚೌಕಾಸಿ ಮಾಡಿದಳು. ಹುಬ್ಬುಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿದೆ. ತಳ ಒಮ್ಮೆಯೂ ತಾಕಲಿಲ್ಲ. ಗುಡ್ಡದ ಬುಡಕ್ಕೆ ಬಂದಾಗ ಪರೀಕ್ಷಕಿ ಬಾಗಿ, "ಆಯಿ, ನೀವಿನ್ನ ಇಳೀರಿ, ತೂಕ ಕಡಿಮಿ ಆಗತೈತಿ" ಎಂದರು. ನನ್ನ ಗಂಡ ವಿರೂಪಾಕ್ಷ ಆಗಲೇ ಚೀಲಗಳನ್ನು ಇಳಿಸಿ ಕೈ ಚಾಚಿ ನಿಂತಿದ್ದ. ಆಯಿ ಅಲುಗಲಿಲ್ಲ. "ಸಂತಿಗೆ ಬೇಕಾದೆ, ಗುಡ್ಡಕ್ಕ ಬ್ಯಾಡಾದೆನೇನು? ನಡಿ ಸುಮ್ನ" ಎಂದಳು. ಹಿರಿಯರು ಇಳಿಯಲೇಬೇಕೆಂದು ಕಟ್ಟಳೆಯಲ್ಲಿ ಇರಲಿಲ್ಲ, ಯಾಕೆಂದರೆ ಯಾರೂ ಇದುವರೆಗೆ ಇಳಿಯಲಾರೆ ಅಂದಿರಲಿಲ್ಲ. ವಿರೂಪಾಕ್ಷ ತಲೆಯ ಮೇಲೆ ಕೈಹೊತ್ತು ಕೂತ. ನನಗೂ ಕಣ್ಣೆದುರು ಗಾಜಿನ ಮನೆಯೇ ಬಂತು.

ಮುತ್ಯಾ, ಅಂದು ಹತ್ತಿದ ಹಾಗೆ ಆ ಗುಡ್ಡವನ್ನು ನಾನು ಎಂದೂ ಹತ್ತಿಲ್ಲ. ಒಬ್ಬಳೇ ಇದ್ದಿದ್ದರೆ ಹಟಕ್ಕೆ ಬಿದ್ದು ತಿರುವಿನವರೆಗೂ ನುಗ್ಗಿ, ಒಮ್ಮೆಗೇ ಬ್ರೇಕ್ ತುಳಿದು, ಮತ್ತೆ ಮೊದಲಿಂದ ವೇಗ ಕೂಡಿಸುತ್ತಿದ್ದೆ. ಹಿಂದೆ ಆಯಿ ಕೂತಿದ್ದಾಳೆ ಎಂದು ದೂರದಿಂದಲೇ ಹದವಾಗಿ ತಗ್ಗಿಸಿ, ತಿರುವನ್ನು ಅಗಲವಾಗಿ ಹಿಡಿದು, ಎಲ್ಲೂ ಜಗ್ಗಿಸದೆ ಸಾಗಿಸಿದೆ. ಗಾಡಿ ನೀರಿನ ಹಾಗೆ ಹರಿಯಿತು. ಮೇಲಿನ ತಿರುವಿನಲ್ಲಿ ಗಾಳಿ ತಂದು ಸುರಿದ ಗರಸಿನ ಮಣ್ಣಿನ ಮೇಲೆ ಬೇರೆಯವರ ಹಿಂಚಕ್ರ ಜಾರುತ್ತವೆ; ನಮ್ಮದು ಆಯಿಯ ತೂಕಕ್ಕೆ ಕಚ್ಚಿ ಹಿಡಿಯಿತು. ಆಗ ಹಿಂದಿನಿಂದ ಒಂದು ಗುರುಗುಡು ಕೇಳಿತು. ಮೊದಲು ಮೋಟಾರು ಕೆಟ್ಟಿತೆಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಆಯಿ, ಹಿಡಿಕೆ ಹಿಡಿದು, ಕಣ್ಣರಳಿಸಿ, ಬಾಯಿಂದ ಗೇರು ಬದಲಿಸುತ್ತಿದ್ದಾಳೆ. ಎರಡನೆಯದು, ಮೂರನೆಯದು, ತಿರುವು ಬಂದಾಗ ಮತ್ತೆ ಎರಡನೆಯದು. ನಾನು ನಗುತ್ತಾ, ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿಲ್ಲದೆ ಗುಡ್ಡದ ತುದಿ ಮುಟ್ಟಿದೆ. ಹೊತ್ತು ಇನ್ನೂ ಉಳಿದಿತ್ತು.

ಹಾಗಾಗಿ ಇನ್ನೈದು ವರ್ಷ ಗಾಡಿ ನಮ್ಮದೇ. ನಾಳೆ ಬೆಳಿಗ್ಗೆ ಅದರಲ್ಲೇ ಕೆಲಸಕ್ಕೆ ಹೋಗುತ್ತೇನೆ, ಬರುವಾಗ ಎಣ್ಣೆ ತರಬೇಕು. ನಮ್ಮ ಮನೆಯಲ್ಲಿ ಈಗ ಎಲ್ಲರೂ ನೆಮ್ಮದಿಯಾಗಿದ್ದೇವೆ. ಈ ಪತ್ರವನ್ನು ಬೇರೆ ಯಾವುದಕ್ಕೋ ಇಟ್ಟುಕೊಳ್ಳಬಹುದಿತ್ತು ಎಂದು ವಿರೂಪಾಕ್ಷ ಅನ್ನುತ್ತಾನೆ. ಮನೆತನಕ್ಕೆ ಒಂದೇ ಪತ್ರವಲ್ಲವೇ! ಆದರೆ ನನಗೂ ಆಯಿಗೂ ಬೇರೆ ಏನೂ ಕೇಳುವುದಿರಲಿಲ್ಲ.

ಹಿನ್ನಂಚೆಯವರು ಇದನ್ನು ಒಂದು ರವಿವಾರದ ಬೆಳಿಗ್ಗೆ ನಿಮ್ಮ ಅಂಗಳಕ್ಕೆ ತಲುಪಿಸುತ್ತಾರೆ. ನಿಮ್ಮ ಕೈಯಲ್ಲಿ ಸ್ಪ್ಯಾನರ್ ಇರುತ್ತದೆ, ಮೂರು ಬೋಲ್ಟು ಪಕ್ಕದಲ್ಲಿ ಬಿದ್ದಿರುತ್ತವೆ. ಗೆಳೆಯರ ಮುಂದೆ ಗೆಲ್ಲಬೇಕೆಂಬ ಆಸೆ ತಪ್ಪಲ್ಲ, ಜೋರಾಗಿ ಓಡಿಸಿ, ನಮಗೂ ಆ ರಕ್ತವೇ ಬಂದಿದೆ. ಆದರೆ ಆ ಸೀಟು ಖಾಲಿ ಇದೆ ಎಂದುಕೊಳ್ಳಬೇಡಿ. ಅದರಲ್ಲಿ ಕೂರಬೇಕಾದವರು ಇನ್ನೂ ಹುಟ್ಟಿಲ್ಲ, ಅಷ್ಟೇ. ಸ್ಪ್ಯಾನರ್ ಕೆಳಗಿಡಿ ಎಂದು ಕೇಳಿಕೊಳ್ಳುತ್ತೇನೆ. ಬಿಚ್ಚಿದ ಮೂರನ್ನು ತಿರುಗಿ ಹಾಕುವಾಗ ಎಡಗಡೆಯದನ್ನು ಸ್ವಲ್ಪ ಬಿಗಿ ಮಾಡಿ. ಆಯಿಗೆ ಅದರ ಕಟಕಟ ಸದ್ದು ಆಗಿಬರುವುದಿಲ್ಲ.

ದಾಕ್ಷಾಯಿಣಿಯವರಿಗೆ ನಮಸ್ಕಾರ ಹೇಳಿ, ಒಂದು ಸುತ್ತು ಹೊರಗೆ ಕರೆದುಕೊಂಡು ಹೋಗಿ. ನೀವು ನನಗೆ ಉತ್ತರ ಬರೆಯಲು ದಾರಿಯಿಲ್ಲ, ಹಿನ್ನಂಚೆ ಒಂದೇ ದಿಕ್ಕಿಗೆ ಹೋಗುತ್ತದೆ. ಪತ್ರ ಮುಗಿಸುವ ಮುಂಚೆ ಟಾರ್ಚ್ ಹಿಡಿದು ಹೋಗಿ ಸೀಟಿನ ಅಡಿ ಇನ್ನೊಮ್ಮೆ ನೋಡಿ ಬಂದೆ. ನಾಲ್ಕನೆಯ ಬೋಲ್ಟಿನ ಬಣ್ಣ ಹಾಗೇ ಇದೆ. ನಿಮ್ಮ ಉತ್ತರ ತಲುಪಿದೆ, ಮುತ್ಯಾ.

ನಿಮ್ಮ,
ರುದ್ರಾಂಬಿಕಾ